ಟ್ರಾಫಿಕ್ ಪೊಲೀಸರು ಬಾಯಲ್ಲಿ ಎಚ್ಚರಿಕೆ ಕೊಟ್ಟು ಬಿಟ್ಟ ಮೇಲೂ ದಂಡ ಬರಬಹುದಾ?

ನೀವು ಕೇಳಿರುವುದು ಇಷ್ಟು. ಬೆಂಗಳೂರಿನಲ್ಲಿ ತಮ್ಮನನ್ನು ಬೈಕ್ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದಿರಿ. ನಿಮಗೆ ಹೆಲ್ಮೆಟ್ ಇತ್ತು, ತಮ್ಮನಿಗೆ ಇರಲಿಲ್ಲ. ಸಿಗ್ನಲ್ ದಾಟಿದ ಕೂಡಲೇ ಪೊಲೀಸರು ಕೈ ಅಡ್ಡ ಹಾಕಿದರು. ಡಿಎಲ್, ಆರ್‌ಸಿ ನೋಡಿದರು. 'ಇನ್ನೊಂದು ಸಲ ಹೀಗೆ ಕಂಡರೆ ಫೈನ್ ಹಾಕ್ತೀನಿ, ಹೋಗಿ' ಅಂದು ಬಿಟ್ಟರು. ಆರು ದಿನ ಆದ ಮೇಲೆ ಮೊಬೈಲ್‌ಗೆ 500 ರೂಪಾಯಿ ದಂಡದ ಮೆಸೇಜ್ ಬಂತು. ಬಿಟ್ಟು ಕಳಿಸಿದ ಮೇಲೆ ಮತ್ತೆ ದಂಡ ಹಾಕಬಹುದಾ ಅಂತ ನಿಮ್ಮ ಪ್ರಶ್ನೆ.

ಹಾಕಬಹುದು. ಬಾಯಿಮಾತಿನ ಎಚ್ಚರಿಕೆಯಿಂದ ಕೇಸ್ ಮುಗಿದಂತೆ ಆಗುವುದಿಲ್ಲ. ಆದರೆ ಹಾಗಂತ ಈಗಲೇ ದುಡ್ಡು ಕಟ್ಟಿಬಿಡಬೇಡಿ. ಮೊದಲು ಆ ನೋಟಿಸ್‌ನಲ್ಲಿರುವ ಫೋಟೊ ನೋಡಿ. ಯಾಕೆ ಅಂತ ನನಗೇ ಆದದ್ದನ್ನು ಹೇಳುತ್ತೇನೆ.

ನಾನು ಮೆಡಿಕಲ್ ರೆಪ್. 14 ವರ್ಷದಿಂದ ಇದೇ ಊರಿನಲ್ಲಿ ದಿನವಿಡೀ ಬೈಕ್ ಮೇಲೇ ಇರುತ್ತೇನೆ. ಒಂದು ದಿನ ಒಂದು ಕ್ಲಿನಿಕ್‌ನಿಂದ ಹೊರಗೆ ಬಂದವನು, ಮುಂದಿನ ಕ್ಲಿನಿಕ್ ಹತ್ತಿರದಲ್ಲೇ ಇದೆ ಅಲ್ವಾ ಅಂತ ಹೆಲ್ಮೆಟ್ ಅನ್ನು ಮೊಣಕೈಗೆ ನೇತುಹಾಕಿಕೊಂಡೇ ಹೊರಟೆ. ಎರಡನೇ ಸಿಗ್ನಲ್ ಹತ್ತಿರ ಒಬ್ಬರು ನಿಲ್ಲಿಸಿದರು. ವಯಸ್ಸಾದವರು, ಮಾತು ಮೆತ್ತಗೆ. 'ಕೈಗೆ ಹಾಕ್ಕೊಳ್ಳೋದಾ ಇದನ್ನ? ತಲೆಗೆ ಹಾಕಪ್ಪ' ಅಂದರು. ಅವರ ಎದುರಿಗೇ ಹಾಕಿಕೊಂಡೆ. ಬಕಲ್ ಹಾಕಿದ ಮೇಲೆ ಅವರೇ ಗದ್ದದ ಕೆಳಗೆ ಬೆರಳು ತೂರಿಸಿ ಪಟ್ಟಿ ಬಿಗಿಯಾಗಿದೆಯಾ ಅಂತ ನೋಡಿದರು. 'ಸಡಿಲ ಇದ್ರೆ ಬಿದ್ದಾಗ ಹೆಲ್ಮೆಟ್ ಒಂದು ಕಡೆ, ನೀನು ಒಂದು ಕಡೆ. ಹೋಗು' ಅಂದರು. ಒಂದು ಪೈಸೆ ಕೇಳಲಿಲ್ಲ.

ಎಂಟನೇ ದಿನ ದಂಡದ ನೋಟಿಸ್ ಬಂತು. ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಎದುರಿಗೆ ಒಳ್ಳೆಯ ಮಾತಾಡಿ ಹಿಂದಿನಿಂದ ದಂಡ ಹಾಕಿದರಲ್ಲ ಅನ್ನಿಸಿತು. ಶನಿವಾರ ಕೆಲಸ ಮುಗಿಸಿ ನೇರ ಟ್ರಾಫಿಕ್ ಸ್ಟೇಷನ್‌ಗೆ ಹೋದೆ. ಅಲ್ಲಿದ್ದ ಎಎಸ್ಐ ನನ್ನ ಗಾಡಿ ನಂಬರ್ ಟೈಪ್ ಮಾಡಿ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಫೋಟೊ ಮೇಲಿನಿಂದ ತೆಗೆದದ್ದು. ನಾನು, ಮೊಣಕೈಯಲ್ಲಿ ಹೆಲ್ಮೆಟ್, ಕೆಳಗೆ ನಂಬರ್ ಪ್ಲೇಟ್, ಎಲ್ಲ ಸ್ಪಷ್ಟ. ಮೂಲೆಯಲ್ಲಿ ಸಮಯ 11:07. ಆಗ ನೆನಪಾಯಿತು. ನನ್ನನ್ನು ನಿಲ್ಲಿಸಿದಾಗ ತಡವಾಗುತ್ತದೆ ಅಂತ ಕ್ಲಿನಿಕ್‌ಗೆ ಫೋನ್ ಮಾಡಿದ್ದೆ. ಮೊಬೈಲ್ ತೆಗೆದು ನೋಡಿದರೆ ಆ ಕರೆ ಹೋಗಿದ್ದು 11:14ಕ್ಕೆ. ಅಂದರೆ ಫೋಟೊ ತೆಗೆದದ್ದು ಹಿಂದಿನ ಸಿಗ್ನಲ್‌ನ ಕ್ಯಾಮೆರಾ. ನನ್ನನ್ನು ನಿಲ್ಲಿಸಿ ಪಟ್ಟಿ ಬಿಗಿ ಮಾಡಿಸಿದವರಿಗೂ ಆ ದಂಡಕ್ಕೂ ಸಂಬಂಧವೇ ಇರಲಿಲ್ಲ. ಕ್ಯಾಮೆರಾ ಅದಾಗಲೇ ನನ್ನನ್ನು ಹಿಡಿದಿದೆ ಅನ್ನೋದು ಅವರಿಗೆ ಗೊತ್ತಾಗಲು ಸಾಧ್ಯವೂ ಇರಲಿಲ್ಲ. ಅಷ್ಟು ದಿನ ಅವರನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಅದಕ್ಕೆ ಈಗಲೂ ಬೇಜಾರಿದೆ.

ನಿಮ್ಮದೂ ಹೀಗೇ ಆಗಿರುವ ಸಾಧ್ಯತೆ ಜಾಸ್ತಿ. ಬೆಂಗಳೂರಿನ ದೊಡ್ಡ ಜಂಕ್ಷನ್‌ಗಳಲ್ಲಿ ಹೆಲ್ಮೆಟ್ ಇಲ್ಲದಿರುವುದನ್ನು ತಾನಾಗಿ ಗುರುತಿಸುವ ಕ್ಯಾಮೆರಾಗಳಿವೆ. ರಸ್ತೆಯಲ್ಲಿ ನಿಂತವರು ಬಿಟ್ಟರೂ ಅದು ಬಿಡುವುದಿಲ್ಲ. ಇಬ್ಬರ ನಡುವೆ ಮಾತುಕತೆಯೂ ಇರುವುದಿಲ್ಲ.

ಇನ್ನು ಕಾನೂನಿನ ವಿಷಯ. ಮೋಟಾರು ವಾಹನ ಕಾಯ್ದೆ 1988ರ 129ನೇ ಸೆಕ್ಷನ್ ಪ್ರಕಾರ ಓಡಿಸುವವರಿಗೂ ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕೇ ಬೇಕು. ತಪ್ಪಿದರೆ 194ಡಿ ಸೆಕ್ಷನ್. 2019ರ ತಿದ್ದುಪಡಿಯಲ್ಲಿ ಇದಕ್ಕೆ 1,000 ರೂಪಾಯಿ ದಂಡ ಇಟ್ಟರು, ಜೊತೆಗೆ ಮೂರು ತಿಂಗಳು ಡಿಎಲ್ ಅನರ್ಹ ಮಾಡುವುದಕ್ಕೂ ಅವಕಾಶ ಇದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ರಾಜಿ ದಂಡವನ್ನು 500ಕ್ಕೆ ಇಳಿಸಿತು. ನಿಮಗೆ ಬಂದಿರುವ 500 ಅದೇ.

ರಾಜಿ ದಂಡ ಅಂದರೆ ಏನು ಅಂತ ತಿಳಿದುಕೊಂಡರೆ ನಿಮ್ಮ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತದೆ. ಕೋರ್ಟಿಗೆ ಹೋಗದೆ, ತಪ್ಪು ಒಪ್ಪಿಕೊಂಡು, ಗೊತ್ತುಪಡಿಸಿದ ಮೊತ್ತ ಕಟ್ಟಿ ಮುಗಿಸಿಕೊಳ್ಳುವುದು. 200ನೇ ಸೆಕ್ಷನ್ ಇದಕ್ಕೇ ಇರುವುದು. ಹಾಗೆ ಕಟ್ಟಿ ರಸೀದಿ ಪಡೆದರೆ ಆ ತಪ್ಪಿಗೆ ಮತ್ತೆ ಕೇಸ್ ನಡೆಸುವಂತಿಲ್ಲ ಅಂತ ಅದೇ ಸೆಕ್ಷನ್ ಹೇಳುತ್ತದೆ. ಅಂದರೆ ಬಾಗಿಲು ಮುಚ್ಚುವುದು ರಸೀದಿ, ಮಾತಲ್ಲ. 'ಹೋಗಿ' ಅಂದದ್ದು ಆ ಅಧಿಕಾರಿ ಆ ಹೊತ್ತಿಗೆ ತೋರಿಸಿದ ಒಳ್ಳೆಯತನ, ಅಷ್ಟೇ. ಅದರಿಂದ ತಪ್ಪು ಅಳಿಸಿಹೋಗುವುದಿಲ್ಲ.

'ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಕೊಡಬಾರದು ಅಂತ ಸಂವಿಧಾನದಲ್ಲೇ ಇದೆಯಲ್ಲ' ಅಂತ ಯಾರಾದರೂ ನಿಮಗೆ ಹೇಳಬಹುದು. ಇದೆ, 20ನೇ ವಿಧಿಯ ಎರಡನೇ ಉಪವಿಧಿ. ಆದರೆ ಅದು ಅನ್ವಯಿಸಬೇಕಾದರೆ ಮೊದಲ ಸಲ ವಿಚಾರಣೆ ನಡೆದು ಶಿಕ್ಷೆ ಆಗಿರಬೇಕು. ರಸ್ತೆ ಬದಿಯ ಬುದ್ಧಿಮಾತು ಶಿಕ್ಷೆ ಅಲ್ಲ. ಹಾಗಾಗಿ ಆ ವಾದ ಇಲ್ಲಿ ನಿಲ್ಲುವುದಿಲ್ಲ.

ಬಹಳ ಜನರಿಗೆ ಗೊತ್ತಿಲ್ಲದ ಇನ್ನೊಂದು ವಿಷಯ ಇದೆ. ಹೆಲ್ಮೆಟ್ ಕೇಸಿಗೆ ಇದು ಸೇರುವುದಿಲ್ಲ, ಆದರೆ ಬೈಕ್ ಓಡಿಸುವವರು ತಿಳಿದಿರಬೇಕು. ಅತಿವೇಗ 183ನೇ ಸೆಕ್ಷನ್, ಅಪಾಯಕಾರಿ ಚಾಲನೆ 184ನೇ ಸೆಕ್ಷನ್. ಈ ಎರಡರಲ್ಲಿ ಎಚ್ಚರಿಕೆ ನಿಮ್ಮನ್ನು ಉಳಿಸುವುದಿಲ್ಲ, ಬದಲಿಗೆ ಕೇಸಿಗೆ ದಾರಿ ಮಾಡಿಕೊಡಬಹುದು. 209ನೇ ಸೆಕ್ಷನ್ ಪ್ರಕಾರ ಈ ಎರಡು ತಪ್ಪುಗಳಿಗೆ ಕೋರ್ಟಿನಲ್ಲಿ ಶಿಕ್ಷೆ ಆಗಬೇಕಾದರೆ ಮೂರರಲ್ಲಿ ಒಂದು ನಡೆದಿರಬೇಕು. 'ನಿಮ್ಮ ಮೇಲೆ ಕೇಸ್ ಹಾಕುವ ಬಗ್ಗೆ ಯೋಚಿಸುತ್ತೇವೆ' ಅಂತ ಆಗಲೇ ಎಚ್ಚರಿಸಿರಬೇಕು. ಇಲ್ಲವೇ 14 ದಿನದೊಳಗೆ ಏನು, ಎಲ್ಲಿ, ಯಾವಾಗ ಅಂತ ಬರೆದ ನೋಟಿಸ್ ಕಳಿಸಿರಬೇಕು. ಅದೂ ಇಲ್ಲದಿದ್ದರೆ 28 ದಿನದೊಳಗೆ ಕೋರ್ಟಿನ ಸಮನ್ಸ್ ಕೊಟ್ಟಿರಬೇಕು. ನಮ್ಮ ಹೆಸರು ವಿಳಾಸ ಎಷ್ಟು ಹುಡುಕಿದರೂ ಸಿಗದಿದ್ದರೆ, ಅಥವಾ ತಪ್ಪಿಸಿಕೊಂಡಿದ್ದು ನಾವೇ ಆಗಿದ್ದರೆ ಇದಕ್ಕೆ ವಿನಾಯಿತಿ ಇದೆ. ಹಾಗಾಗಿ ವೇಗದ ಕಾರಣಕ್ಕೆ ನಿಲ್ಲಿಸಿ ಎಚ್ಚರಿಸಿದರೆ, ಅವರು ಏನು ಅಂದರು, ಎಷ್ಟು ಗಂಟೆಗೆ ಅಂದರು ಅಂತ ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ. 'ಇನ್ನೊಂದು ಸಲ ಮಾಡಬೇಡ' ಅನ್ನೋದೂ 'ಕೇಸ್ ಹಾಕ್ತೀವಿ' ಅನ್ನೋದೂ ಒಂದೇ ಅಲ್ಲ.

ಇನ್ನು ನಿಮ್ಮ ನೋಟಿಸ್‌ಗೆ ಬರೋಣ. ಮೊದಲು ಆ ಮೆಸೇಜ್ ನಿಜವಾ ನೋಡಿ. ದಂಡದ ಹೆಸರಿನಲ್ಲಿ ಲಿಂಕ್ ಕಳಿಸಿ, ಆ್ಯಪ್ ಹಾಕಿಸಿ, ಬ್ಯಾಂಕ್ ಖಾತೆ ಖಾಲಿ ಮಾಡುವವರು ಈಗ ಬಹಳ ಇದ್ದಾರೆ. ಮೆಸೇಜ್‌ನಲ್ಲಿರುವ ಲಿಂಕ್ ಮುಟ್ಟಲೇಬೇಡಿ. ಬೆಂಗಳೂರು ಟ್ರಾಫಿಕ್ ಪೊಲೀಸರ ವೆಬ್‌ಸೈಟ್ ಅಥವಾ ಪರಿವಾಹನ್ ಇ-ಚಲನ್ ವೆಬ್‌ಸೈಟ್ ಅನ್ನು ನೀವೇ ತೆರೆದು ಗಾಡಿ ನಂಬರ್ ಹಾಕಿ. ಅಲ್ಲಿ ಇಲ್ಲದ ದಂಡವನ್ನು ಕಟ್ಟಬೇಡಿ. ಹತ್ತಿರದ ಬೆಂಗಳೂರು ಒನ್ ಕೇಂದ್ರದಲ್ಲೂ ಕೇಳಬಹುದು.

ನಿಜವಾಗಿದ್ದರೆ ಫೋಟೊವನ್ನು ದೊಡ್ಡದು ಮಾಡಿ ನೋಡಿ. ಕ್ಯಾಮೆರಾ ದಂಡಗಳಿಗಾಗಿ 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಅಂತ ಒಂದು ನಿಯಮ ಸೇರಿಸಿದರು. ಅದರ ಪ್ರಕಾರ ನೋಟಿಸ್ ಜೊತೆ ತಪ್ಪನ್ನೂ ನಂಬರ್ ಪ್ಲೇಟನ್ನೂ ಸ್ಪಷ್ಟವಾಗಿ ತೋರಿಸುವ ಫೋಟೊ ಇರಬೇಕು. ದಿನ, ಸಮಯ, ಜಾಗ ಇರಬೇಕು. ಯಾವ ಸೆಕ್ಷನ್ ಮುರಿದಿದ್ದೀರಿ ಅಂತ ಬರೆದಿರಬೇಕು. ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು ಅಂತ 2021ರ ಆ ನಿಯಮದಲ್ಲಿ ಇತ್ತು. ನಿಮ್ಮದು ಆರನೇ ದಿನ ಬಂದಿದೆ, ಆ ಲೆಕ್ಕದಲ್ಲಿ ತಡ ಆಗಿಲ್ಲ. ಉಳಿದದ್ದನ್ನು ಒಂದೊಂದಾಗಿ ನೋಡಿ. ಪ್ಲೇಟ್ ನಿಮ್ಮದೇನಾ? 3 ಮತ್ತು 8, 0 ಮತ್ತು ಡಿ ಕ್ಯಾಮೆರಾ ಕಣ್ಣಿಗೆ ಒಂದೇ ಥರ ಕಾಣಬಹುದು. ಹಿಂದೆ ಕೂತಿರುವುದು ನಿಮ್ಮ ತಮ್ಮನೇನಾ? ಜಾಗ ನೀವು ಹೋದ ದಾರಿಯಲ್ಲೇ ಇದೆಯಾ?

ಇವುಗಳಲ್ಲಿ ಒಂದಾದರೂ ಹೊಂದದಿದ್ದರೆ ದುಡ್ಡು ಕಟ್ಟದೆ ಆಕ್ಷೇಪಣೆ ಸಲ್ಲಿಸಿ. ಕಟ್ಟಿದರೆ ತಪ್ಪು ಒಪ್ಪಿಕೊಂಡಂತೆ, ಆಮೇಲೆ ವಾಪಸ್ ಪಡೆಯುವುದು ಕಷ್ಟ. ವೆಬ್‌ಸೈಟ್‌ನಲ್ಲೇ ದೂರು ಕೊಡಬಹುದು, ಇಲ್ಲವೇ ನೋಟಿಸ್‌ನಲ್ಲಿ ಹೆಸರಿರುವ ಸ್ಟೇಷನ್‌ಗೆ ಆರ್‌ಸಿ ತೆಗೆದುಕೊಂಡು ಹೋಗಿ. ನನ್ನ ಅನುಭವದಲ್ಲಿ ಎದುರಿಗೆ ಕೂತು ಫೋಟೊ ತೋರಿಸಿ ಮಾತಾಡಿದರೆ ಕೆಲಸ ಬೇಗ ಆಗುತ್ತದೆ. ಅಲ್ಲಿ 'ಸಾಹೇಬ್ರು ಬಿಟ್ಟಿದ್ರು' ಅನ್ನೋದನ್ನು ಹಿಡಿದು ವಾದ ಮಾಡಬೇಡಿ, ಅದರಿಂದ ಏನೂ ಆಗುವುದಿಲ್ಲ. ಫೋಟೊ ಬಗ್ಗೆ ಮಾತಾಡಿ. ಒಪ್ಪದಿದ್ದರೆ ಕೋರ್ಟಿನಲ್ಲಿ ಹೇಳಿಕೊಳ್ಳುವ ಹಕ್ಕು ನಿಮಗಿದೆ. ಬರೀ ದಂಡದ ಶಿಕ್ಷೆ ಇರುವ ಅಪರಾಧಗಳನ್ನು ಕೋರ್ಟ್ ಸಾಮಾನ್ಯವಾಗಿ 6 ತಿಂಗಳೊಳಗೆ ಕೈಗೆತ್ತಿಕೊಳ್ಳಬೇಕು, ತಡಕ್ಕೆ ಸರಿಯಾದ ಕಾರಣ ಇದ್ದರೆ ಮಾತ್ರ ಅದನ್ನು ಮನ್ನಿಸಬಹುದು.

ಫೋಟೊ ಕ್ಯಾಮೆರಾದ್ದಲ್ಲ, ನಿಮ್ಮನ್ನು ನಿಲ್ಲಿಸಿದವರೇ ಆಮೇಲೆ ಕೇಸ್ ಬರೆದಿದ್ದಾರೆ ಅಂತ ಗೊತ್ತಾದರೆ? ಕಾನೂನು ಅದನ್ನೂ ತಡೆಯುವುದಿಲ್ಲ. ಆದರೆ ಎದುರಿಗೆ ಬಿಟ್ಟೆ ಅಂದು ಹಿಂದಿನಿಂದ ಬರೆಯುವುದು ಸರಿಯಲ್ಲ. ಹಾಗೆ ಆದರೆ ಜನ ಪೊಲೀಸರ ಮಾತನ್ನೇ ನಂಬುವುದಿಲ್ಲ. ಇನ್ಸ್‌ಪೆಕ್ಟರ್‌ಗೆ ಒಂದು ಪುಟದಲ್ಲಿ ಬರೆದು ಕೊಡಿ. ದಂಡ ಹೋಗುತ್ತದೆ ಅಂತಲ್ಲ, ಅವರಿಗೆ ತಿಳಿಯಲಿ ಅಂತ.

ಅಂದು ನೀವು ಅಲ್ಲೇ ದುಡ್ಡು ಕೊಟ್ಟಿದ್ದಿರಾ ಅಂತ ನೀವು ಬರೆದಿಲ್ಲ. ಕೊಟ್ಟಿದ್ದು ರಸೀದಿ ಇದ್ದರೆ, ಮತ್ತು ಈ ನೋಟಿಸ್ ಅದೇ ಜಾಗ, ಅದೇ ಹೊತ್ತಿನದ್ದಾದರೆ, ಆ ರಸೀದಿ ತೋರಿಸಿ, ಇದು ರದ್ದಾಗಬೇಕು. ರಸೀದಿ ಇಲ್ಲದೆ ಕೊಟ್ಟಿದ್ದರೆ ಅದು ದಂಡವೇ ಅಲ್ಲ, ಯಾವ ಲೆಕ್ಕಕ್ಕೂ ಬರುವುದಿಲ್ಲ.

ಫೋಟೊದಲ್ಲಿ ಎಲ್ಲ ಸರಿಯಾಗಿದ್ದರೆ 500 ಕಟ್ಟಿ ರಸೀದಿ ಇಟ್ಟುಕೊಳ್ಳಿ. ತಮ್ಮನಿಗೂ ಒಂದು ಐಎಸ್ಐ ಗುರುತಿನ ಹೆಲ್ಮೆಟ್ ತಂದುಬಿಡಿ. ಹಿಂದೆ ಕೂತವರಿಗೆ ಬೀಳುತ್ತೇವೆ ಅಂತ ಮೊದಲೇ ಗೊತ್ತಾಗುವುದೂ ಇಲ್ಲ, ಅವರ ಕೈಯಲ್ಲಿ ಬೈಕಿನ ಹ್ಯಾಂಡಲ್ಲೂ ಇರುವುದಿಲ್ಲ.

ಫೋಟೊದ ಮೂಲೆಯಲ್ಲಿ ಎಷ್ಟು ಗಂಟೆ ಅಂತ ಇದೆ, ನಿಮ್ಮನ್ನು ನಿಲ್ಲಿಸಿದ್ದು ಸುಮಾರು ಎಷ್ಟು ಗಂಟೆಗೆ, ಇವೆರಡನ್ನೂ ಇಲ್ಲಿ ಬರೆಯಿರಿ. ಪ್ಲೇಟ್ ನಂಬರ್ ಮಾತ್ರ ಹಾಕಬೇಡಿ. ಸಮಯ ಗೊತ್ತಾದರೆ ಈ ದಂಡ ಯಾರ ಕಡೆಯಿಂದ ಬಂದದ್ದು ಅಂತ ಬಹುತೇಕ ಹೇಳಬಹುದು.