ಗದ್ದಲವಿಲ್ಲದ ದಾರಿ ಯಾವುದು? ಬೆಟ್ಟದ ತಪ್ಪಲಿನ ಸೈಕಲ್ ಸವಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನಗೆ 46 ವರ್ಷ. ಬ್ಯಾಂಕಿನಲ್ಲಿ ಕೆಲಸ. ಹೋದ ವರ್ಷ ಗೇರ್ ಸೈಕಲ್ ಕೊಂಡೆ. ಭಾನುವಾರ ಚಾಮುಂಡಿ ಬೆಟ್ಟಕ್ಕೆ ಹೋದರೆ ಕಾರುಗಳ ಸಾಲು, ಹಾರ್ನ್ ಸದ್ದು. ರಿಂಗ್ ರೋಡಂತೂ ಕೇಳಲೇಬೇಡಿ. ತಪ್ಪಲು ಪ್ರದೇಶದಲ್ಲಿ ನೆಮ್ಮದಿಯಾಗಿ ತುಳಿಯುವ ದಾರಿ ಎಲ್ಲಿದೆ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಇದೆ ಸಾರ್, ಒಂದಲ್ಲ ಮೂರು ಹೇಳುತ್ತೇನೆ. ಆದರೆ ಚಾಮುಂಡಿ ಬೆಟ್ಟವನ್ನು ಅಷ್ಟು ಬೇಗ ಕೈಬಿಡಬೇಡಿ. ಮಂಗಳವಾರ, ಶುಕ್ರವಾರ ಅಮ್ಮನ ವಾರ. ಶನಿವಾರ, ಭಾನುವಾರ ಪ್ರವಾಸಿಗರ ಕಾಟ. ಉಳಿದ ಮೂರು ದಿನ ಬೆಳಕು ಹರಿದ ಮೇಲೆ ಹೊರಟು ನೋಡಿ, ಅದೇ ರಸ್ತೆಯಲ್ಲಿ ನಿಮ್ಮ ಚೈನಿನ ಸದ್ದು ನಿಮಗೇ ಕೇಳುತ್ತದೆ. ನಗರದಿಂದ ನೆತ್ತಿಗೆ ಸುಮಾರು 250ರಿಂದ 300 ಮೀಟರ್ ಏರು. ಏರಿ, ಇಳಿದು, ಸ್ನಾನ ಮುಗಿಸಿ, ತಿಂಡಿ ತಿಂದು ಹತ್ತು ಗಂಟೆಗೆ ಬ್ಯಾಂಕಿನಲ್ಲಿರಬಹುದು. ಉತ್ತನಹಳ್ಳಿ ಕಡೆಯ ದಾರಿ ನನಗೆ ಹೆಚ್ಚು ಇಷ್ಟ. ಚಾಮುಂಡಮ್ಮನ ತಂಗಿ ಎಂದು ಜನ ನಂಬುವ ಜ್ವಾಲಾಮುಖಿ ತ್ರಿಪುರಸುಂದರಿಯ ಗುಡಿ ಅಲ್ಲಿದೆ, ಕೈಮುಗಿದು ಏರಲು ಶುರು ಮಾಡಿ. ಆಷಾಢ ಶುಕ್ರವಾರಗಳಲ್ಲಿ ಮಾತ್ರ ಆ ಕಡೆ ತಲೆ ಹಾಕಬೇಡಿ, ಅಂದು ಅದು ಭಕ್ತರ ದಾರಿ.

ಕತ್ತಲಲ್ಲಿ ಹೊರಡಬೇಡಿ ಎನ್ನುವುದನ್ನು ಒತ್ತಿ ಹೇಳುತ್ತೇನೆ. ಈ ಬೆಟ್ಟದಲ್ಲಿ ಚಿರತೆಗಳಿವೆ. 2022ರ ಕೊನೆಯಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಬಲಿಯಾದದ್ದನ್ನು ಈ ಭಾಗದವರು ಯಾರೂ ಮರೆತಿಲ್ಲ. ನಾಲ್ಕೂವರೆಗೆ ಎದ್ದು ತಲೆಗೆ ದೀಪ ಕಟ್ಟಿಕೊಂಡು ತಪ್ಪಲಿಗೆ ಹೋಗುವುದು ಶೌರ್ಯವಲ್ಲ. ಊರೊಳಗೆ ಕತ್ತಲಿದ್ದರೂ ಪರವಾಗಿಲ್ಲ, ಬೆಟ್ಟದ ಬುಡ ಮುಟ್ಟುವಾಗ ರಸ್ತೆಯಂಚಿನ ಪೊದೆ ಕಣ್ಣಿಗೆ ಕಾಣುತ್ತಿರಬೇಕು.

ಎರಡನೆಯದು ಶ್ರೀರಂಗಪಟ್ಟಣದ ಕರಿಘಟ್ಟ. ಬೆಂಗಳೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್‌ನಿಂದ ಬೈಕಿಗೂ ಸೈಕಲ್ಲಿಗೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಹೋಗಬಹುದು, ಆದರೆ ಸುಖವಿಲ್ಲ. ಮೇಟಗಳ್ಳಿ ದಾಟಿ ಕೆಆರ್‌ಎಸ್ ರಸ್ತೆಯಲ್ಲಿ ಬೆಳಗೊಳದವರೆಗೆ ಹೋಗಿ, ಅಲ್ಲಿಂದ ಪಾಲಹಳ್ಳಿ ಮೇಲೆ ಪಟ್ಟಣ ಸೇರಿ. ಸ್ವಲ್ಪ ಸುತ್ತು, ಆದರೆ ಗದ್ದೆ ಬಯಲು ನೋಡಿಕೊಂಡು ಹೋಗುವ ಸುತ್ತು. ಕರಿಘಟ್ಟ ಪುಟ್ಟ ಏರು, ಬುಡದಲ್ಲಿ ಲೋಕಪಾವನಿ. ಕಾಲಿಗೆ ಬೆಟ್ಟದ ರೂಢಿಯಾಗಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಮೂರನೆಯದು ನನ್ನ ಜೀವದ ದಾರಿ: ಪಾಂಡವಪುರ, ಕೆರೆ ತೊಣ್ಣೂರು, ಜಕ್ಕನಹಳ್ಳಿ, ಮೇಲುಕೋಟೆ. ನಾನು ಹುಟ್ಟಿ ಬೆಳೆದದ್ದು ಆ ಸೀಮೆಯಲ್ಲಿ, ಆದ್ದರಿಂದ ಪಕ್ಷಪಾತ ಇದೆ ಎಂದರೆ ಒಪ್ಪಿಕೊಳ್ಳುತ್ತೇನೆ. ಮೈಸೂರಿನಿಂದ ಮೇಲುಕೋಟೆಗೆ 50 ಕಿಲೋಮೀಟರ್ ಆಸುಪಾಸು. ಪಾಂಡವಪುರದಿಂದ ಜಕ್ಕನಹಳ್ಳಿಯತ್ತ ಹೋಗುವುದು ಹೆದ್ದಾರಿ. ಅದನ್ನು ಒಂದೇ ಉಸಿರಿಗೆ ಮುಗಿಸುವ ಬದಲು ನಡುವೆ ತೊಣ್ಣೂರಿನತ್ತ ತಿರುಗಿ. ಕುಂತಿಬೆಟ್ಟದ ಬಂಡೆಗಳು ಹಿಂದೆ ಉಳಿಯುತ್ತವೆ, ತೆಂಗು, ಕಬ್ಬು, ರಾಗಿ ಹೊಲಗಳ ಆಚೆ ಒಮ್ಮೆಲೇ ಗುಡ್ಡಗಳ ನಡುವೆ ಕೆರೆ ಕಾಣುತ್ತದೆ. ಮೋತಿ ತಲಾಬ್ ಎಂದು ಹೆಸರು ಬರುವಷ್ಟು ತಿಳಿಯಾದ ನೀರು. ರಾಮಾನುಜಾಚಾರ್ಯರು ಮೇಲುಕೋಟೆಗೆ ಹೋಗುವ ಮುಂಚೆ ನೆಲೆಸಿದ್ದ ಊರು ಎಂದು ಇಲ್ಲಿಯವರು ಹೇಳುತ್ತಾರೆ, ನಂಬಿನಾರಾಯಣನ ಗುಡಿ ಇದೆ. ಏರಿಯ ಮೇಲೆ ಬಾಳೆಹಣ್ಣು ತಿಂದು ಮುಂದೆ ಹೋಗಿ.

ಜಕ್ಕನಹಳ್ಳಿಯಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದ ಮೇಲೆ ನೀವು ಕೇಳಿದ ದಾರಿ ಸಿಗುತ್ತದೆ. ಕುರುಚಲು ಕಾಡು, ಬಂಡೆ, ಏರು. ಈ ಕಾಡು 1974ರಲ್ಲಿ ವನ್ಯಜೀವಿಧಾಮವಾಯಿತು, ಅದೂ ತೋಳಗಳಿಗಾಗಿ. ಮೇಲೆ ಹೋದ ಮೇಲೆ ಪುಳಿಯೋಗರೆ, ಸಕ್ಕರೆ ಪೊಂಗಲ್. ಇಳಿಯುವ ಮುಂಚೆ ಒಂದರ್ಧ ಗಂಟೆ ಕಲ್ಯಾಣಿಯ ಕಟ್ಟೆಯ ಮೇಲೆ ಕೂತಿರಿ. ತಿಂದ ಕೂಡಲೇ ಇಳಿಜಾರಿಗೆ ಬೀಳಬೇಡಿ.

ಮಾರ್ಚ್–ಏಪ್ರಿಲ್‌ನ ವೈರಮುಡಿ ಉತ್ಸವದ ದಿನಗಳಲ್ಲಿ ಈ ದಾರಿ ಜನರದ್ದು. ಜೂನ್, ಜುಲೈನಲ್ಲಿ ಹೋದರೆ ಗಾಳಿಯ ಲೆಕ್ಕ ಹಾಕಿ. ಆಷಾಢದ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ, ಮೈಸೂರು ಮೇಲುಕೋಟೆಗೆ ದಕ್ಷಿಣದಲ್ಲಿದೆ. ಹೋಗುವಾಗ ಯಾರೋ ಬೆನ್ನು ತಳ್ಳಿದ ಹಾಗೆ ಹೋಗುತ್ತೀರಿ, ಬರುವಾಗ ಸಮತಟ್ಟಿನಲ್ಲೂ ಏರಿನ ಗೇರು ಬೇಕಾಗುತ್ತದೆ. ಅರ್ಧಕ್ಕಿಂತ ಹೆಚ್ಚು ಶಕ್ತಿ ವಾಪಸಿಗೆ ಉಳಿಸಿಕೊಳ್ಳಿ. ನನ್ನನ್ನು ಕೇಳಿದರೆ ಮಳೆ ಕಮ್ಮಿಯಾಗಿ ಹೊಲ ಇನ್ನೂ ಹಸಿರಾಗಿರುವ ನವೆಂಬರ್ ತಿಂಗಳೇ ಸರಿ.

ಪ್ರಶ್ನೆ: ಗೋಪಾಲಸ್ವಾಮಿ ಬೆಟ್ಟಕ್ಕೆ ಸೈಕಲ್ ತುಳಿಯಬೇಕೆಂಬ ಆಸೆ. ಬಿಡುತ್ತಾರಾ?
– ಓದುಗರು, ನಂಜನಗೂಡು

ಉತ್ತರ: ಇಲ್ಲ. ಅದು ಬಂಡೀಪುರದ ಹುಲಿ ಕಾಡು. ಖಾಸಗಿ ವಾಹನ ಬುಡದಲ್ಲೇ ನಿಲ್ಲಬೇಕು, ಮೇಲಕ್ಕೆ ಸರ್ಕಾರಿ ಬಸ್ಸು. ಅಲ್ಲಿ ಆನೆ ಓಡಾಡುತ್ತದೆ, ಈ ನಿಯಮ ಸರಿಯಾಗಿಯೇ ಇದೆ. ಸೈಕಲ್ ಗುಂಡ್ಲುಪೇಟೆ ಆಸುಪಾಸಿನ ಹಳ್ಳಿ ರಸ್ತೆಗಳಿಗೆ ಇಟ್ಟುಕೊಳ್ಳಿ. ಮುಂಗಾರಿನಲ್ಲಿ ಸೂರ್ಯಕಾಂತಿ, ಚೆಂಡುಹೂ ಹೊಲಗಳು ಅರಳಿರುತ್ತವೆ, ಹಿನ್ನೆಲೆಗೆ ಬೆಟ್ಟ ಇದ್ದೇ ಇರುತ್ತದೆ. ಹೂವಿನ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುವ ಮುಂಚೆ ಹೊಲದವರನ್ನು ಒಂದು ಮಾತು ಕೇಳಿ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಮೇಲುಕೋಟೆ ಕಡೆ ಹೋಗಿದ್ದಾಗ ರಸ್ತೆಯ ಉದ್ದಕ್ಕೂ ಹುರುಳಿ ಹರಡಿದ್ದರು. ಅದರ ಮೇಲೆ ಹೋಗಿ ಹಿಂದಿನ ಗೇರು ಕಿತ್ತುಹೋಯಿತು. ಇದನ್ನು ಕೇಳುವವರೇ ಇಲ್ಲವೇ?
– ಓದುಗರು, ವಿಜಯನಗರ, ಮೈಸೂರು

ಉತ್ತರ: ನಿಮ್ಮ ಖರ್ಚು ನನಗೆ ಅರ್ಥವಾಗುತ್ತದೆ. ಆದರೆ ಆ ರಸ್ತೆ ಆ ತಿಂಗಳಲ್ಲಿ ಕಣವೂ ಹೌದು. ಎಷ್ಟೋ ಹಳ್ಳಿಗಳಲ್ಲಿ ಕಣ ಮಾಡುವ ಜಾಗವೂ ಉಳಿದಿಲ್ಲ, ರೋಣಗಲ್ಲು ಕಟ್ಟಲು ಎತ್ತೂ ಉಳಿದಿಲ್ಲ. ಲಾರಿ, ಬಸ್ಸುಗಳ ಚಕ್ರವೇ ಒಕ್ಕಣೆ ಮಾಡುತ್ತದೆ. ಅದು ಅಪಾಯ ಎನ್ನುವುದೂ ನಿಜ, ಬೈಕಿನವರು ಜಾರಿ ಬೀಳುತ್ತಾರೆ. ಹಾಗೆಂದು ಪೊರಕೆ ಹಿಡಿದು ಬಿಸಿಲಲ್ಲಿ ನಿಂತ ಹೆಂಗಸಿನ ಮೇಲೆ ರೇಗಿದರೆ ಏನೂ ಬದಲಾಗುವುದಿಲ್ಲ.

ಆಗುವುದು ಏನೆಂದರೆ, ಹುರುಳಿ ಬಳ್ಳಿ ರಾಗಿ ಹುಲ್ಲಿನಂತೆ ಮುರಿಯುವುದಿಲ್ಲ, ದಾರದ ಹಾಗೆ ಸುತ್ತಿಕೊಳ್ಳುತ್ತದೆ. ಹಿಂದಿನ ಗೇರು ಬದಲಿಸುವ ಡಿರೇಲರಿನ ಎರಡು ಪುಟ್ಟ ಗಾಲಿಗಳ ನಡುವೆ ಒಂದು ಎಳೆ ಸಿಕ್ಕರೆ ಸಾಕು, ಚೈನು ಅದನ್ನು ಒಳಕ್ಕೆ ಎಳೆಯುತ್ತದೆ, ಕಾಲು ಬಿಗಿಯಾಯಿತೆಂದು ನೀವು ಇನ್ನೂ ಒತ್ತಿ ತುಳಿಯುತ್ತೀರಿ. ಡಿರೇಲರ್ ಹಿಂದಕ್ಕೆ ಮಡಚಿಕೊಂಡು ಕಡ್ಡಿಗಳೊಳಗೆ ನುಗ್ಗುತ್ತದೆ. ಮುರಿಯುವುದು ಹೆಚ್ಚಾಗಿ ಹ್ಯಾಂಗರ್ ಎಂಬ ಅಲ್ಯೂಮಿನಿಯಂ ಕೊಂಡಿ. ಚೌಕಟ್ಟು ಉಳಿಯಲಿ ಎಂದೇ ಅದನ್ನು ಮೆದುವಾಗಿ ಮಾಡಿರುತ್ತಾರೆ. ನಿಮ್ಮ ಸೈಕಲ್ಲಿಗೆ ಹೊಂದುವ ಒಂದು ಹ್ಯಾಂಗರ್ ತರಿಸಿ ಸೀಟಿನ ಚೀಲದಲ್ಲಿ ಇಟ್ಟುಕೊಳ್ಳಿ, ಒಂದು ಮಾದರಿಯದು ಇನ್ನೊಂದಕ್ಕೆ ಕೂರುವುದಿಲ್ಲ. ಇನ್ನು ಮುಂದೆ ಹುರುಳಿ ಕಂಡರೆ ಇಳಿದು, ಸೈಕಲ್ ಹೆಗಲಿಗೆ ಹಾಕಿಕೊಂಡು ಅಂಚಿನಲ್ಲಿ ನಡೆದು ದಾಟಿ. ಎಳೆ ಸಿಕ್ಕಿಕೊಂಡರೆ ಪೆಡಲನ್ನು ಹಿಂದಕ್ಕೆ ನಿಧಾನ ತಿರುಗಿಸುತ್ತಾ ಕೈಯಿಂದ ಬಿಡಿಸಿ.

ಕಬ್ಬು ಅರೆಯುವ ತಿಂಗಳುಗಳಲ್ಲಿ ಇನ್ನೊಂದು ಎಚ್ಚರ. ಏರಿನಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಅಂಟಿಕೊಂಡು ಹೋಗಬೇಡಿ. ಹೊರೆ ಹೆಚ್ಚಾದಾಗ ಅದರ ಮುಂದಿನ ಚಕ್ರ ನೆಲ ಬಿಡುತ್ತದೆ, ಟ್ರೈಲರ್ ಹಿಂದಕ್ಕೆ ಸರಿಯುತ್ತದೆ. ನಿಂತು ನೀರು ಕುಡಿಯಿರಿ, ಅದು ಹೋಗಲಿ.

ಪ್ರಶ್ನೆ: ಅಪ್ಪನ ಹಳೆಯ ಕರಿ ಸೈಕಲ್ಲಿದೆ, ಗೇರ್ ಇಲ್ಲ. ಬೆಟ್ಟ ಹತ್ತಬಹುದೇ?
– ಪಿಯುಸಿ ವಿದ್ಯಾರ್ಥಿ, ಪಾಂಡವಪುರ

ಉತ್ತರ: ತಪ್ಪಲಿನವರೆಗೆ ಧಾರಾಳವಾಗಿ ಹೋಗಬಹುದು ಕಣಪ್ಪ. ಮುಂದಿನ ಚೈನ್ ಚಕ್ರದಲ್ಲಿ 44 ಹಲ್ಲು, ಹಿಂದಿನದರಲ್ಲಿ 18 ಇದೆ ಎಂದಿಟ್ಟುಕೋ. ಪೆಡಲ್ ಒಂದು ಸುತ್ತಿಗೆ ಸೈಕಲ್ ಐದು ಮೀಟರಿಗೂ ಹೆಚ್ಚು ಹೋಗುತ್ತದೆ. ಗೇರ್ ಸೈಕಲ್ಲಿನವರು ಮುಂದೆ 34, ಹಿಂದೆ 32 ಹಾಕಿ ಅದೇ ಸುತ್ತಿಗೆ ಎರಡು ಮೀಟರ್ ಚಿಲ್ಲರೆ ಹೋಗುತ್ತಾರೆ. ಅದಕ್ಕೇ ಅವರಿಗೆ ಹಗುರ. ನಿಮ್ಮೂರ ಸೈಕಲ್ ಶಾಪಿನಲ್ಲಿ ಹಿಂದಿನ ಫ್ರೀವೀಲ್ 22 ಹಲ್ಲಿನದು ಸಿಕ್ಕರೆ ಹಾಕಿಸು, ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾಗಬಹುದು. ಕಡಿದಾದ ಕಡೆ ಇಳಿದು ತಳ್ಳು. ಬ್ರೇಕಿನ ರಬ್ಬರ್ ಹೊಸದು ಹಾಕಿಸದೆ ಮಾತ್ರ ಇಳಿಜಾರಿಗೆ ಹೋಗಬೇಡ. ಇದನ್ನು ಅಪ್ಪನಿಗೂ ತೋರಿಸು.

ಪ್ರಶ್ನೆ: ಒಬ್ಬಳೇ ಹೋಗುತ್ತೇನೆಂದರೆ ಅಮ್ಮ ಬಿಡುವುದಿಲ್ಲ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಪಕ್ಕದ ರಸ್ತೆ ಸಮತಟ್ಟಾಗಿದೆ, ವಾಹನ ಕಮ್ಮಿ. ಅಲ್ಲಿ ಹೋದರೆ ಸರಿಯೇ?
– ಕಾಲೇಜು ವಿದ್ಯಾರ್ಥಿನಿ, ಮಂಡ್ಯ

ಉತ್ತರ: ನಾಲೆ ರಸ್ತೆ ಬೇಡಮ್ಮ. 2018ರ ನವೆಂಬರ್ 24ರಂದು ಕನಗನಮರಡಿ ಬಳಿ ಬಸ್ಸೊಂದು ಇದೇ ನಾಲೆಗೆ ಉರುಳಿ 30 ಜನ ಸತ್ತರು, ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ತಡೆಗೋಡೆ ಇಲ್ಲದ ಕಡೆ ಎದುರಿಗೆ ವಾಹನ ಬಂದರೆ ನೀನು ಸರಿಯುವುದು ನೀರಿನ ಕಡೆಗೇ. ನೀರು ಬಿಟ್ಟಾಗ ಈಜು ಬಲ್ಲವರಿಗೂ ಆ ಜಾರುವ ದಡ ಹತ್ತುವುದು ಕಷ್ಟ.

ಅಮ್ಮನ ಆತಂಕಕ್ಕೆ ಅರ್ಥವಿದೆ, ನಿನ್ನ ಆಸೆಗೂ ಅಷ್ಟೇ ಬೆಲೆಯಿದೆ. ಮೊದಲ ಕೆಲವು ಸಲ ಗೆಳತಿಯೊಬ್ಬಳನ್ನು ಜತೆಗೆ ಕರೆದುಕೋ. ಹಳ್ಳಿಗಳ ನಡುವೆ ಬಸ್ಸು ಓಡಾಡುವ ರಸ್ತೆ ಆರಿಸು, ಹಾಲಿನ ಡೇರಿಗೆ ಜನ ಬರುವ ಹೊತ್ತಿಗೆ ಹೊರಡು. ಆಗ ಪ್ರತಿ ಊರಿನ ಮುಂದೆಯೂ ಕ್ಯಾನು ಹಿಡಿದ ನಾಲ್ಕು ಜನ ಇರುತ್ತಾರೆ, ಗದ್ದಲವಂತೂ ಇರುವುದಿಲ್ಲ. ಟ್ಯೂಬ್ ಬದಲಿಸುವುದನ್ನು ಮನೆಯಲ್ಲೇ ಕಲಿ, ಈ ಕಡೆ ಜಾಲಿ ಮುಳ್ಳು ಜಾಸ್ತಿ. ಲೊಕೇಶನ್ ಅಮ್ಮನ ಫೋನಿಗೆ ಕಳಿಸಿಡು. ಮತ್ತೆ, ವಾಪಸ್ ಬರುವ ಹೊತ್ತನ್ನು ಮೊದಲೇ ಹೇಳಿ ಹೊರಡು. ಹೇಳಿದ ಹೊತ್ತಿಗೆ ನಾಲ್ಕೈದು ಸಲ ಬಂದರೆ ಮೇಲುಕೋಟೆಗೆ ಹೋಗುತ್ತೇನೆ ಎಂದಾಗ ಅಮ್ಮನೇ ಬುತ್ತಿ ಕಟ್ಟಿಕೊಡುತ್ತಾರೆ.