ಮಗನ ಮುಖ ನೋಡಿದರೂ ಏನೂ ಅನಿಸುತ್ತಿಲ್ಲ

ಪ್ರಶ್ನೆ: ನನಗೆ 34 ವರ್ಷ. ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ, ರೇಷ್ಮೆ ಹುಳು ಮೇಯಿಸುವ ಮನೆ. ಎಂಟು ತಿಂಗಳ ಹಿಂದೆ ನಮ್ಮಮ್ಮ ತೀರಿಕೊಂಡರು. ಮಣ್ಣು ಮಾಡುವಾಗಲೂ ನನಗೆ ಅಳು ಬರಲಿಲ್ಲ. ಆವತ್ತಿನಿಂದ ಎಲ್ಲವೂ ಗಾಜಿನ ಆಚೆ ನಡೆಯುತ್ತಿರುವ ಹಾಗಿದೆ. ಹುಳು ಸೊಪ್ಪು ತಿನ್ನುವಾಗ ಮಳೆ ಬಂದ ಹಾಗೆ ಸದ್ದಾಗುತ್ತದಲ್ಲ, ನನಗದು ಬಲು ಇಷ್ಟವಿತ್ತು. ಈಗ ಕಿವಿಗೆ ಬೀಳುತ್ತದೆ, ಅಷ್ಟೇ. ಮಾತಾಡಿದರೆ ನನ್ನ ದನಿಯೇ ಬೇರೆ ಯಾರದೋ ಅನಿಸುತ್ತದೆ. ರಾತ್ರಿ ಮಲಗಿರುವ ಮಗನ ಮುಖ ನೋಡುತ್ತಾ ಕೂರುತ್ತೇನೆ, ಪ್ರೀತಿ ಬರುತ್ತದಾ ಅಂತ. ಬರಲ್ಲ. ಯಜಮಾನರು "ಹುಳಕ್ಕೆ ಜ್ವರ ಬಂದ ಹಾಗೆ ಬಿಡು, ತಾನೇ ಏಳ್ತೀಯ" ಅಂತಾರೆ. ನನಗೆ ಹುಚ್ಚು ಹಿಡಿಯುತ್ತಿದೆಯಾ ಡಾಕ್ಟರಮ್ಮ?

ಉತ್ತರ: ಹುಚ್ಚಲ್ಲ ಕಣಮ್ಮ. ಗಾಜಿನ ಆಚೆ ಇದ್ದ "ಹಾಗೆ" ಅಂತ ಬರೆದಿದ್ದೀರಿ ನೋಡಿ, ಗಾಜು ಇಲ್ಲ ಅನ್ನೋದು ನಿಮಗೇ ಗೊತ್ತಿದೆ. ತನ್ನಿಂದ ತಾನೇ ದೂರವಾದ ಹಾಗೆ ಅನಿಸುವ ಇದನ್ನು ನಾವು ಡಿಪರ್ಸನಲೈಸೇಷನ್ ಅನ್ನುತ್ತೇವೆ. ದುಃಖ, ಆತಂಕ, ಖಿನ್ನತೆ, ನಿದ್ದೆಗೇಡು, ಯಾವುದರ ಬೆನ್ನಿಗಾದರೂ ಬರಬಹುದು.

ಪೇಟೆಯ ಓದುಗರಿಗೆ ಒಂದು ಮಾತು. ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೇ ಜ್ವರ ಅನ್ನೋದು. ನಿಮ್ಮ ಯಜಮಾನರ ಹೋಲಿಕೆ ಅರ್ಧ ಸರಿ. ತಡೆಯಲಾಗದ ನೋವು ಬಂದಾಗ ಮನಸ್ಸೂ ಬಾಗಿಲು ಹಾಕಿಕೊಳ್ಳುತ್ತದೆ. ಆದರೆ ಹುಳದ ಜ್ವರ ಒಂದು ದಿನದ್ದು, ಹೆಚ್ಚೆಂದರೆ ಇನ್ನೂ ಸ್ವಲ್ಪ. ಎಂಟು ತಿಂಗಳು ಏಳದೆ ಕೂತ ಹುಳವನ್ನು ಅವರು ತಟ್ಟೆಯಲ್ಲೇ ಬಿಟ್ಟಿರುತ್ತಿದ್ದರಾ, ಕೇಳಿ ನೋಡಿ.

ನಮ್ಮೆಜಮಾನರು ತೀರಿಕೊಂಡ ವರ್ಷ ನಾನೂ ಹೀಗೇ ಇದ್ದೆ. ಆಸ್ಪತ್ರೆಯಲ್ಲಿ ದಿನಕ್ಕೆ ನೂರು ಜನರ ನಾಡಿ ಹಿಡಿಯುತ್ತಿದ್ದೆ, ಒಬ್ಬರ ಕೈಯೂ ಬೆಚ್ಚಗಿದೆ ಅನಿಸುತ್ತಿರಲಿಲ್ಲ. ಡಾಕ್ಟರಾಗಿಯೂ ನಾಲ್ಕು ತಿಂಗಳು ಯಾರಿಗೂ ಬಾಯಿ ಬಿಡಲಿಲ್ಲ, ನಾಚಿಕೆ. ಆಮೇಲೆ ಔಷಧ, ಮಾತು, ನಿದ್ದೆ ಎಲ್ಲ ಸೇರಿ ದಾರಿಗೆ ಬಂದೆ. ಮೊದಲು ವಾಪಸು ಬಂದಿದ್ದು ಪ್ರೀತಿಯಲ್ಲ, ಸಿಟ್ಟು! ನೀರು ಹಾಲು ಕೊಟ್ಟವನ ಮೇಲೆ ಬೀದಿಗೆ ಕೇಳುವ ಹಾಗೆ ಕೂಗಾಡಿದೆ. ಒಳಗೆ ಬಂದು ನಕ್ಕೆ. ನಿಮಗೂ ಮೊದಲು ಅಳುವೋ ರೇಗೋ ಬಂದರೆ ಹೆದರಬೇಡಿ.

ರಾತ್ರಿ ಮಗನ ಮುಂದೆ ಕೂತು ಪ್ರೀತಿಯ ಪರೀಕ್ಷೆ ಮಾಡುವುದನ್ನು ಇವತ್ತೇ ನಿಲ್ಲಿಸಿ. ನಿದ್ದೆ ಬಂತಾ ಬಂತಾ ಅಂತ ನೋಡುತ್ತಾ ಮಲಗಿದರೆ ನಿದ್ದೆ ಬರುತ್ತದಾ? ಇದೂ ಹಾಗೇ, ಇಣುಕಿದಷ್ಟೂ ದೂರ. ಬೆಳಿಗ್ಗೆ ಅವನಿಗೆ ಡಬ್ಬಿ ಕಟ್ಟುತ್ತೀರಲ್ಲ, ತಲೆ ಬಾಚುತ್ತೀರಲ್ಲ, ಸದ್ಯಕ್ಕೆ ಅದು ಸಾಕು. ತೀರಾ ದೂರವಾದ ಹಾಗೆ ಅನಿಸಿದ ಗಳಿಗೆಯಲ್ಲಿ ಒದ್ದೆ ಸೊಪ್ಪನ್ನು ಅಂಗೈಯಲ್ಲಿ ಹಿಸುಕಿ, ತಂಪು, ವಾಸನೆ, ಕಾಂಡದ ಗರಗರ ಗಮನಿಸಿ. ಒಂದೆರಡು ನಿಮಿಷಕ್ಕೆ ಆಸರೆ, ಔಷಧವಲ್ಲ.

ಥೈರಾಯ್ಡ್, ರಕ್ತದ ಹಿಮೋಗ್ಲೋಬಿನ್, ಬಿ12 ನೋಡಿಸಿ. ಇವು ಕೆಟ್ಟರೂ ಮನಸ್ಸು ಮಂಕಾಗುತ್ತದೆ. ಯಾವುದಾದರೂ ಮಾತ್ರೆ ನುಂಗುತ್ತಿದ್ದರೆ ಚೀಟಿ ತೆಗೆದುಕೊಂಡು ಹೋಗಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರ ಮನೋವೈದ್ಯರು ಬರುವುದನ್ನು ವಿಚಾರಿಸಿ. ಹೋಗಲು ಸಂಕೋಚವಾದರೆ 14416ಕ್ಕೆ ಫೋನ್ ಮಾಡಿ. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, 2022ರಿಂದ ಇದೆ, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲೂ ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನಿಸಿದರೆ, ನಿಂತಲ್ಲೇ ಎಚ್ಚರ ತಪ್ಪಿದರೆ ಮಂಗಳವಾರದವರೆಗೆ ಕಾಯಬೇಡಿ, ಅವತ್ತೇ ಹೋಗಿ.

ಈ ಪುಟವನ್ನು ಯಜಮಾನರಿಗೆ ಓದಿ ಹೇಳಿ. ಮುಂದಿನ ಬೆಳೆಗೆ, ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಬಿಡದೆ ತಿನ್ನುವ ಆ ಒಂದು ವಾರ, ರಾತ್ರಿಯ ಸೊಪ್ಪು ಅವರೇ ಹಾಕಲಿ. ನೀವು ಮಲಗಿ.