ಹಳೆಯ ಕೊಟ್ಟಿಗೆಯನ್ನು ಬಿಚ್ಚಿ ಬೇರೆಡೆ ಮತ್ತೆ ಕಟ್ಟಬಹುದೇ?

ಅಜ್ಜನ ಕಾಲದ ಹೆಂಚಿನ ಕೊಟ್ಟಿಗೆಯನ್ನು ಬಿಚ್ಚಿ, ದೂರದ ತೋಟದಲ್ಲಿ ಅಡಿಕೆ ಇಡುವ ಮನೆಯಾಗಿ ಕಟ್ಟಿಕೊಳ್ಳಬಹುದೇ ಅಥವಾ ಮರವನ್ನು ಮಾರಿ ಹೊಸದಾಗಿ ಕಟ್ಟುವುದೇ ಲೇಸೇ ಎಂದು ನೀವು ಕೇಳಿದ್ದೀರಿ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಮ್ಮ ಮನೆಯ ಕೊಟ್ಟಿಗೆಯನ್ನು ಹೀಗೆಯೇ ಸಾಗಿಸಿದವನಾಗಿ ಹೇಳುತ್ತೇನೆ: ಖಂಡಿತ ಕಟ್ಟಬಹುದು, ಮಾರಬೇಡಿ. ಆದರೆ ಉಳಿಸಬೇಕಾದದ್ದು ಮರವನ್ನಷ್ಟೇ ಅಲ್ಲ, ಅದರ ಜೋಡಣೆಯನ್ನು. ಕಂಬದ ತಲೆ ತೊಲೆಯ ತೂತಿನಲ್ಲಿ ಕುಳಿತಿರುವ ಕಡೆ ಗರಗಸ ಹಾಕಿದರೆ ನಿಮ್ಮ ಬಳಿ ಉಳಿಯುವುದು ಹಳೆಯ ಮರದ ತುಂಡುಗಳು ಮಾತ್ರ.

ದೀಪಾವಳಿ ಕಳೆದು ಮರ ಚೆನ್ನಾಗಿ ಒಣಗಿದ ಮೇಲೆ ಕೆಲಸ ಹಿಡಿಯಿರಿ. ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಂಡಿರುವ ಮರದ ಬೆಣೆಗಳು ಬೇಸಿಗೆಯಲ್ಲಿ ಕುಗ್ಗಿ ಸಡಿಲವಾಗುವುದರಿಂದ, ಹಿಂಬದಿಯಿಂದ ಮರದ ಸುತ್ತಿಗೆಯಲ್ಲಿ ಮೆಲ್ಲನೆ ಬಡಿದರೆ ಹೊರಬರುತ್ತವೆ. ಒಂದು ಹೆಂಚನ್ನೂ ಇಳಿಸುವ ಮೊದಲು ನಾಲ್ಕೂ ಕಡೆಯಿಂದ ಚಿತ್ರ ತೆಗೆದು, ನಕ್ಷೆ ಬರೆದು, ಪ್ರತಿ ಕಂಬ, ತೊಲೆ, ಪಕಾಸಿಗೂ (ಮಾಡಿನ ಇಳಿಜಾರಿನುದ್ದಕ್ಕೆ ಇಳಿಬಿಟ್ಟ ಮರ) ಸಂಖ್ಯೆ ಕೊಡಿ; ಯಾವ ಮುಖ ಯಾವ ದಿಕ್ಕಿಗಿತ್ತು ಎಂಬುದನ್ನೂ ಗುರುತಿಸಿ. ನಾವು ಸೀಮೆಸುಣ್ಣದಿಂದ ಬರೆದಿದ್ದೆವು. ಸಾಗಿಸಿ ರಾಶಿ ಹಾಕಿದ ವಾರದಲ್ಲೇ ಅಕಾಲದ ಮಳೆ ಬಿದ್ದು ಅರ್ಧದಷ್ಟು ಗುರುತು ಅಳಿಸಿತು, ಯಾವ ಪಕಾಸು ಯಾವ ಕಡೆಯದೆಂದು ಹೊಂದಿಸುವುದರಲ್ಲೇ ಆಚಾರಿಗಳ ಆರು ದಿನ ಕಳೆಯಿತು. ಕಟ್ಟಿದ ಮೇಲೆ ಕಾಣದ ಜಾಗದಲ್ಲಿ ಉಳಿಯಿಂದ ಕೆತ್ತಿಸುವುದೇ ಸರಿ.

ಹೆಂಚು, ರೀಪು (ಹೆಂಚು ಕೂರುವ ಅಡ್ಡಪಟ್ಟಿ), ಪಕಾಸು, ತೊಲೆ, ಕೊನೆಗೆ ಕಂಬ, ಹೀಗೆ ಮೇಲಿನಿಂದ ಇಳಿಯುತ್ತಾ ಬನ್ನಿ; ಪಕಾಸು ಇಳಿಸುವಾಗ ಕಂಬಗಳಿಗೆ ಓರೆಯಾಗಿ ಊರುಗೋಲು ಕೊಟ್ಟಿರಬೇಕು. ಮೊಳೆ ಹೊಡೆದ ರೀಪುಗಳನ್ನು ಉಳಿಸುವ ಆಸೆ ಬೇಡ, ಹೊಸದನ್ನೇ ತನ್ನಿ. ಮಂಗಳೂರು ಹೆಂಚುಗಳನ್ನು ಲಾರಿಯಲ್ಲಿ ಮಲಗಿಸದೆ ಹುಲ್ಲಿನ ನಡುವೆ ನಿಲ್ಲಿಸಿ ಜೋಡಿಸಿ. ಎಷ್ಟೇ ಜಾಗ್ರತೆ ವಹಿಸಿದರೂ ಕೆಲವು ಒಡೆಯುತ್ತವೆ, ಮತ್ತು ಒಂದು ಕಾರ್ಖಾನೆಯ ಹೆಂಚಿನ ಅಂಚಿನಲ್ಲಿರುವ ತೋಡಿಗೆ ಇನ್ನೊಂದರ ಹೆಂಚು ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಬೆನ್ನಿನ ಮೇಲಿನ ಮುದ್ರೆ ನೋಡಿ ಅದೇ ಕಾರ್ಖಾನೆಯ ಹಳೆಯ ಹೆಂಚನ್ನು ಹುಡುಕಬೇಕು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹಲವು ಕಾರ್ಖಾನೆಗಳು ಹುಟ್ಟಿದ್ದರಿಂದ ಈ ವ್ಯತ್ಯಾಸ ಸಹಜ.

ಕೊಟ್ಟಿಗೆಯ ಮರದಲ್ಲಿ ಹೆಚ್ಚು ಹಾಳಾಗಿರುವುದು ಗಂಜಳ ಮತ್ತು ತೇವ ಕುಡಿದ ಕಂಬದ ಬುಡ. ಚೂರಿ ಚುಚ್ಚಿ ನೋಡಿ, ಮೆತ್ತಗಿರುವಷ್ಟನ್ನು ಕತ್ತರಿಸಿ. ಆದರೆ ಒಂದೊಂದು ಕಂಬವನ್ನು ಒಂದೊಂದು ಅಳತೆಗೆ ಕತ್ತರಿಸಿದರೆ ಮಾಡಿನ ಇಳಿಜಾರು ಕೆಡುತ್ತದೆ. ಅತಿ ಹೆಚ್ಚು ಕೊಳೆತ ಕಂಬದ ಅಳತೆಗೆ ಎಲ್ಲವನ್ನೂ ಸಮನಾಗಿ ಕತ್ತರಿಸಿ, ಕಡಿಮೆಯಾದ ಎತ್ತರವನ್ನು ಕಲ್ಲಿನ ಪೀಠದಿಂದ ತುಂಬಿ. ಕತ್ತರಿಸಿದ ತುದಿಗೆ ಗೇರೆಣ್ಣೆ ಹಚ್ಚಿದರೆ ಗೆದ್ದಲು ಹತ್ತಿರ ಬರುವುದು ಕಡಿಮೆ.

ಧೈರ್ಯ ಸಾಲದಿದ್ದರೆ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ನಿಲ್ಲಿಸಿರುವುದನ್ನು ಒಮ್ಮೆ ನೋಡಿ ಬನ್ನಿ. ಲಾರಿ ಗೊತ್ತುಮಾಡುವ ಮುನ್ನ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಸಾಗಣೆಯ ಪರವಾನಗಿಯ ಬಗ್ಗೆ ವಿಚಾರಿಸಿ, ಹಳೆಯ ಮರವೆಂದು ಉದಾಸೀನ ಮಾಡಬೇಡಿ. ಮತ್ತೆ ಕಟ್ಟಿ ಹೆಂಚು ಹೊದಿಸಿ ಹದಿನೈದು ದಿನಗಳಾದ ಮೇಲೆ ಆಚಾರಿಗಳನ್ನು ಇನ್ನೊಮ್ಮೆ ಕರೆಸಿ ಬೆಣೆಗಳನ್ನು ಬಿಗಿ ಮಾಡಿಸಿ, ಏಕೆಂದರೆ ಮಾಡಿನ ಪೂರ್ಣ ಭಾರ ಬಿದ್ದಾಗಲೇ ಯಾವ ಸಂದು ಸಡಿಲವಿದೆಯೆಂಬುದು ತಿಳಿಯುತ್ತದೆ.